ಸೊಂಟದ ಮೇಲಿನ ಕಪ್ಪು ಗುರುತು

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮಗನ ಮನೆಯ ಮೂರು ಮಹಡಿ ಹತ್ತಿಳಿದು ನನ್ನ ಮೇಲಿನ ಹಟ ಸಾಧಿಸಬೇಡ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಓದು: ನಾನು ಗೆದ್ದೆ! ನೀನು ಕಂಡದ್ದು ಸಿಗರೇಟು ಸುಟ್ಟ ಗುರುತಲ್ಲ, ನುಸಿ ಕಚ್ಚಿದ ಗಾಯ. ಡಾಕ್ಟರ ಚೀಟಿಯೇ ಇದೆ.

ನಾನು ಅಂಗಿ ಬದಲಿಸುವಾಗ ಅದನ್ನು ನೋಡಿ, "ಹುಡುಗನಾಗಿದ್ದಾಗ ಅಪ್ಪನ್ನ ಕಂಡು, ಹಚ್ಚಿದ ಸಿಗರೇಟನ್ನೇ ಚಡ್ಡಿಗೆ ಸಿಕ್ಕಿಸ್ಕೊಂಡ ಪುಣ್ಯಾತ್ಮ ನೀನೇ ತಾನೆ? ಐವತ್ತಾದ್ರೂ ಅದೇ ಬುದ್ಧಿ! ಸಿಗರೇಟು ಬಿಟ್ಟೆ ಅಂತ ನನಗೆ ಕೊಟ್ಟ ಮಾತು ಎಲ್ಲೋಯ್ತು?" ಎಂದು ಬ್ಯಾಗು ಎತ್ತಿಕೊಂಡು ಹೊರಟೆಯಲ್ಲ, ಮಾರನೆಯ ದಿನವೇ ಜ್ವರ ಹಿಡಿಯಿತು. ಪಂಪ್ ರಿಪೇರಿ ಅಂಗಡಿಯ ಬಿಡಿಭಾಗಗಳ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ: ಬುಧವಾರ ನೂರಾ ಎರಡು, ಶುಕ್ರವಾರ ನೂರಾ ಮೂರು, ಭಾನುವಾರ ನೂರಾ ನಾಲ್ಕು. ತಲೆಯೊಳಗೆ ಯಾರೋ ಸುತ್ತಿಗೆಯಿಂದ ಬೇರಿಂಗ್ ಬಡಿದು ಕೂರಿಸುತ್ತಿರುವಂಥ ನೋವು. ಮೊದಲ ಡಾಕ್ಟರ ಮಾತ್ರೆ ಏನೂ ನಾಟಲಿಲ್ಲ. ತಪ್ಪು ನನ್ನದೂ ಇದೆ. ಅವರೂ ನಿನ್ನ ಹಾಗೆ ಬೈದಾರೆಂದು ಗುರುತಿನ ಮೇಲೆ ಪಟ್ಟಿ ಅಂಟಿಸಿಕೊಂಡು ಹೋಗಿದ್ದೆ.

ಆರನೆಯ ದಿನ ಏದುಸಿರು ಬಂದಾಗ ನನ್ನವಳು ದೊಡ್ಡಾಸ್ಪತ್ರೆಗೆ ಸೇರಿಸಿದಳು. ಅಲ್ಲಿಯ ಡಾಕ್ಟರಮ್ಮ ಪಟ್ಟಿ ಕಿತ್ತರು. "ಅದೇನಿಲ್ಲ ಡಾಕ್ಟ್ರೇ, ಸಿಗರೇಟಲ್ಲಿ ಸುಟ್ಕೊಂಡಿದ್ದು" ಎಂದಳು ನನ್ನವಳು. ಆಯಮ್ಮ ಕುಣಿಯುವುದೊಂದು ಬಾಕಿ: "ಅಲ್ಲಾ ಕಣ್ರೀ, ಇದನ್ನೇ ನಾನು ಹುಡುಕ್ತಾ ಇರೋದು!" ರೋಗದ ಹೆಸರು ಸ್ಕ್ರಬ್ ಟೈಫಸ್. ಪೊದೆಹುಲ್ಲಿನಲ್ಲಿರುವ, ಕಣ್ಣಿಗೆ ಬೀಳದಷ್ಟು ಸಣ್ಣ ನುಸಿಮರಿ ಕಚ್ಚುತ್ತದಂತೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಆಮೇಲೆ ಆ ಜಾಗದಲ್ಲಿ ಸುಟ್ಟಂಥ ಕಪ್ಪು ಗುರುತು ಏಳುತ್ತದೆ. ಜ್ವರ ಬರುವುದು ಹತ್ತು ದಿನ ಬಿಟ್ಟು. ಅದರ ಬಾಯಿಂದ ಬಂದ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಸಂಸಾರ ಹೂಡುತ್ತದೆ. ಹೆಸರು ಓರಿಯೆಂಟಿಯಾ ಟ್ಸುಟ್ಸುಗಾಮುಶಿ. ನಾನು ಹೇಳಲು ಹೋದರೆ ನರ್ಸು, "ಶೀತಾನೂ ಆಗಿದ್ಯಾ?" ಎಂದಳು! ಡಾಕ್ಸಿಸೈಕ್ಲಿನ್ ಕೊಟ್ಟ ಎರಡನೆಯ ದಿನಕ್ಕೆ ಜ್ವರ ತೊಂಬತ್ತೆಂಟಕ್ಕೆ ಇಳಿಯಿತು. ಇನ್ನೆರಡು ದಿನ ತಡವಾಗಿದ್ದರೆ ಶ್ವಾಸಕೋಶ ಕೈಕೊಡುತ್ತಿತ್ತಂತೆ. ನೀನು ಬೈದ ಗುರುತೇ ನನ್ನನ್ನು ಉಳಿಸಿತು ನೋಡು.

ಚೀಟಿಯ ನಕಲು ಇದರ ಜೊತೆಗಿದೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿಸಿದ್ದೇನೆ, ಬಂದುಬಿಡು. ಅಳಿಯನಿಗೂ ಮಕ್ಕಳಿಗೂ ಆಶೀರ್ವಾದ, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಪೆದ್ದು ತಮ್ಮ

ಬರೆಯದೆ ಬಿಟ್ಟದ್ದು: "ಪೊದೇಲಿ ಯಾಕ್ರೀ ಕೂತಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು. ಅಂಗಡಿಯ ಹಿಂದೆ ಉರುಳಿಹೋದ ವಾಷರ್ ಹುಡುಕುತ್ತಿದ್ದೆ ಎಂದೆ. ಅವರು ನಂಬಿದರು, ನೀನು ನಂಬುವವಳಲ್ಲ. ಒಂದೇ ಒಂದು ಸಿಗರೇಟು, ಅಕ್ಕಾ. ಅದೂ ಅರ್ಧಕ್ಕೇ ಬಿಸಾಡಿದೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ.