ಗಡಿ ಅನ್ನಬಾರದಂತೆ

ಹುವಾಕಿಯಾಸ್, ಮಾರ್ಚ್ 1995

ರೋಸೌರಾ ಅಕ್ಕಾ,

ಪೆರುವಿನೊಡನೆ ಯುದ್ಧ ನಿಂತ ಮೇಲೆ ಸೇತುವೆ ತೆರೆಯುತ್ತೇವೆ ಎಂದರು, ತೆರೆಯಲಿಲ್ಲ. ಬಾಳೆಗೊನೆ ಪೆರುವಿಗೆ ಹೋಗಲಿ ಎಂದರು, ಬಿಡಲಿಲ್ಲ. ರಾಶಿ ಕೊಳೆಯುತ್ತಿದೆ.

ಎರಡೂ ಕಡೆಯವರು ಸಹಿ ಹಾಕಬೇಕಾದ, ಸಂತೆಯ ಹೆಂಗಸರ ಮನವಿಯಲ್ಲಿ 'ಗಡಿ' ಎಂದು ಬರೆದಿದ್ದೆ. ಸೇತುವೆಯ ಮೇಲೆ ನಮ್ಮ ಕರ್ನಲ್ ಹಾಳೆ ಎಸೆದ: "ಪೆರು ಹೇಳೋ ಗೆರೆ ನಾವು ಒಪ್ಪಿಲ್ಲ. ಇಲ್ಲಿ ಗಡಿ ಇದೆ ಅಂತ ಒಪ್ಕೊಂಡ್ರೆ ದೇಶದ್ರೋಹ ಕಣಮ್ಮಾ." ಪೆರುವಿನ ಅಧಿಕಾರಿ, "ಗಡಿ ಅಂತ ಬರೀದಿದ್ರೆ ನಾನು ಸಹಿ ಹಾಕಲ್ಲ" ಎಂದ. ಮೀನು ಮಾರುವ ಸೆನೈದಾ ನಕ್ಕಳು: "ಕೆಳಗಿರೋದು ಮೊಣಕಾಲುದ್ದ ಕಾಲುವೆ ಸ್ವಾಮಿ. ಕಾಲುವೆ ಅಂತ ಬರೀತೀವಿ. ಕಾಲುವೆ ಇಲ್ಲ ಅಂತ ಹೇಳಿ ನೋಡೋಣ." ಇಬ್ಬರೂ ಬಗ್ಗಿ ನೀರು ನೋಡಿದರು. ಹಾಗೇ ತಿದ್ದಿ ಕೊಟ್ಟೆವು. ಮೇಲಿನವರನ್ನು ಕೇಳಿಬರುತ್ತಾರಂತೆ.

ನನ್ನ ಜ್ವರ ಇಳಿದಿದೆ. ಚಪ್ಪಲಿ ಕಿತ್ತಿದೆ, ನಿನ್ನ ಹಳೆಯ ಜೊತೆ ಕಳಿಸು. ಹಾಳೆಯಲ್ಲಿ ಜಾಗ ಮುಗಿಯಿತು. ನಿನ್ನ ತಂಗಿ ಒಟಿಲಿಯಾ.

ಸಹಿಯಾಗದಿದ್ದರೆ ಗೊನೆ ಹೊತ್ತು ನೀರಿಗಿಳಿಯುತ್ತೇವೆ. ಸೇತುವೆಯ ಕೆಳಗೆ, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.