ಬಿಳಿ ಮೆಟ್ಟಿಲು

ಉಸ್ಮಾನಸಾಬರೇ,

೨೦೦೮ರ ಡಿಸೆಂಬರಿನಲ್ಲಿ ಬ್ರೂಸ್‌ಪೇಟೆಯ ನಮ್ಮ ವಾಚನಾಲಯದಲ್ಲಿ ನೀವು ಬಿದ್ದು ಸೊಂಟ ಮುರಿದುಕೊಂಡಿರಿ. ಆ ತಪ್ಪು ನಮ್ಮ ಸಮಿತಿಯದು. ಗಣಿ ಧಣಿಯೊಬ್ಬರು ಕೊಡಿಸಿದ ಬಿಳಿ ಅಮೃತಶಿಲೆಯನ್ನೇ ನೆಲಕ್ಕೂ ಮೆಟ್ಟಿಲಿಗೂ ಹಾಸಿ, ಗೋಡೆಗೂ ಬಿಳಿ ಬಳಿದು, ಮೇಲೆ ಕಣ್ಣು ಕುಕ್ಕುವ ದೀಪ ಹಾಕಿಸಿದೆವು. ಮೆಟ್ಟಿಲಂಚಿಗೆ ಹಳದಿ ಪಟ್ಟಿ ಬೇಡ, ಬಸ್‌ಸ್ಟ್ಯಾಂಡಿನಂತೆ ಕಾಣುತ್ತದೆ ಎಂದವನು ನಾನೇ.

ಕಣ್ಣು ಮಂಜಾಗಿದ್ದ ನೀವು ಮೊದಲ ದಿನವೇ ಕೇಳಿದಿರಿ: "ಇದೇನ್ ವಾಚನಾಲಯನೋ, ಹಾಲಿನ ಡೇರಿನೋ? ಮೆಟ್ಲು ಎಲ್ಲೈತ್ರಿ ಮಾಸ್ತರ?"

"ರೂಢಿ ಆಗ್ತೈತಿ ಬಿಡ್ರಿ" ಎಂದು ನಕ್ಕೆ.

ಬಿದ್ದಂದಿನಿಂದ ಹಾಸಿಗೆ ಹಿಡಿದಿದ್ದ ನೀವು ಸಿರುಗುಪ್ಪದ ಮಗಳ ಮನೆಯಲ್ಲಿ ತೀರಿಕೊಂಡು ಹದಿನೈದು ದಿನವಾಯಿತು. ನಿನ್ನೆ ನಿಮ್ಮ ಸಂತಾಪ ಸಭೆಯಲ್ಲಿ ಅಧ್ಯಕ್ಷ ಜಂಬುನಾಥರು, "ಪಾಪ, ಅವರ ಕಣ್ಣ ಸರಿ ಇದ್ದಿಲ್ಲ" ಎಂದರು. ಬಾಗಿಲಲ್ಲೇ ನಿಂತಿದ್ದ, ನೆಲ ಒರೆಸುವ ಕೊಟ್ರಬಸಮ್ಮ ಅಂದಳು:

"ಕಣ್ಣಿಂದಲ್ಲರಿ. ಅದಿರಿನ ಕೆಂಪು ಧೂಳು ಕುಂತಿದ್ರ ಅವ್ರಿಗೆ ಮೆಟ್ಲು ಕಾಣ್ತಿತ್ತು. ಅವತ್ತು ಹೊಳಪು ಬರ್ಲಿ ಅಂತ ನೀವ ಎರಡು ಸಲ ಒರಸಾಕ ಹಚ್ಚಿದ್ರಿ."

ಜಂಬುನಾಥರು ಸಭೆಯ ನಡಾವಳಿ ಪುಸ್ತಕ ಮುಂದಿಟ್ಟರು, ಒಬ್ಬೊಬ್ಬರಾಗಿ ಎಲ್ಲರೂ ಸಹಿ ಹಾಕಿದರು. ನೀವು ಕೇಳಿದ್ದ ಪ್ರಶ್ನೆ ಗೊತ್ತಿದ್ದ ನಾನೂ "ತಮ್ಮ ದೃಷ್ಟಿದೋಷದಿಂದ ಬಿದ್ದರು" ಎಂದು ಬರೆದ ನಡಾವಳಿಗೆ ಸಹಿ ಹಾಕಿ ಮನೆಗೆ ಬಂದೆ.

ಈ ಪತ್ರ ನಿಮಗೆ ತಲುಪದು. ಆದರೆ ಬರುವ ಭಾನುವಾರ ಸಮಿತಿಯವರು ಓದುಗರನ್ನೆಲ್ಲ ಕರೆಸಿ, ನಡಾವಳಿಯ ಆ ಸಾಲನ್ನು ಗಟ್ಟಿಯಾಗಿ ಓದಬೇಕು. ಅದು ನಿಜವೋ ಸುಳ್ಳೋ ಎಂದು ಸಹಿ ಹಾಕಿದ ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ಮೊದಲು ನನ್ನನ್ನೇ ಕೇಳಲಿ.