ಫೋನ್ ಎತ್ತದ ಎರಡು ದಿನ

ಭಾನುವಾರ, ಜೂನ್ ೧೮

ನನ್ನ ಗುಬ್ಬಿಗೆ,

ಮೊದಲು ತಪ್ಪೊಪ್ಪಿಗೆ. ವಾರಕ್ಕೊಂದು ಕಾಗದ ಎಂದು ಮದುವೆಯಾದ ಹೊಸತರಲ್ಲಿ ಮಾಡಿಕೊಂಡ ಕರಾರನ್ನು ಈ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅದೂ ಸಾಲಾಗಿ ಎರಡು ವಾರ, ಮುರಿದಿದ್ದೇನೆ. ಹೇಗಿದ್ದೀಯ? ನಿಮ್ಮಮ್ಮನ ಮಂಡಿ ನೋವು ಹೇಗಿದೆ? ಸಾಮಾನು ಕಟ್ಟುವ ಗಲಾಟೆಯಲ್ಲಿ ಅವರನ್ನು ಏಣಿ ಹತ್ತಲು ಬಿಡಬೇಡ.

ನಿನ್ನ ಆಯ್ಕೆಯ ಸುದ್ದಿ ತಿಳಿದ ದಿನ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲ ಇರ್ಲಿ, ಸಂದರ್ಶನ ಆದ್ಮೇಲೆ ಎರಡು ದಿನ ಯಾಕೆ ಫೋನ್ ಎತ್ಲಿಲ್ಲ?" ನಾನು ಕೆಮ್ಮಿ, ಬಾಗಿಲು ಯಾರೋ ತಟ್ಟುತ್ತಿದ್ದಾರೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಈಗ ಎಲ್ಲ ಹೇಳುತ್ತೇನೆ. ನಕ್ಕರೆ ನಗು, ನಿಮ್ಮಮ್ಮನಿಗೆ ಮಾತ್ರ ಓದಿ ಹೇಳಬೇಡ.

ನಮ್ಮ ಪಾಡು ನಿನಗೆ ಗೊತ್ತಿದ್ದದ್ದೇ. ಭಾಷಾವಿಜ್ಞಾನ ಕಲಿಸುವ ವಿಭಾಗಗಳೇ ಬೆರಳೆಣಿಕೆ. ಅಲ್ಲಿ ಒಂದು ಕುರ್ಚಿ ಖಾಲಿಯಾಗಬೇಕಾದರೆ ಒಬ್ಬರು ನಿವೃತ್ತರಾಗಬೇಕು. ನಮ್ಮ ವಿಭಾಗದ ಹಿರಿಯ, ವ್ಯಾಕರಣದ ತಾತನಿಗೆ ಪ್ರತಿ ವರ್ಷ ಹುಟ್ಟುಹಬ್ಬದ ಶುಭಾಶಯ ಹೇಳುವಾಗಲೂ ಒಳಗೊಳಗೇ ವರ್ಷ ಎಣಿಸುತ್ತಿದ್ದ ಪಾಪಿ ನಾನು. ಆ ಮಹಾನುಭಾವರೋ, ಮೂರು ಮಹಡಿ ಮೆಟ್ಟಿಲು ಓಡುತ್ತಲೇ ಹತ್ತಿ, ಕೊನೆಯ ದಿನದ ಕೊನೆಯ ಗಂಟೆಯವರೆಗೂ ಪಾಠ ಮಾಡಿ ಹೋದರು. ಅವರಿಂದ ತೆರವಾದ ಈ ಹುದ್ದೆ ನಿನ್ನ ಕೈತಪ್ಪಿದ್ದರೆ ನಮ್ಮಿಬ್ಬರಿಗೆ ಒಂದೇ ಊರು, ಒಂದೇ ಮನೆ ಎನ್ನುವ ಮಾತು ಇನ್ನೊಂದು ಹತ್ತು ವರ್ಷ ಮುಂದಕ್ಕೆ ಹೋಗುತ್ತಿತ್ತು.

ಗಂಡನೆಂಬ ಕಾರಣಕ್ಕೆ ನನ್ನನ್ನು ಸಮಿತಿಯ ಹತ್ತಿರವೂ ಸೇರಿಸಿರಲಿಲ್ಲ, ಸರಿಯೇ. ಆದರೆ ಸಭೆ ನಡೆದ ಕೋಣೆಗೂ ನಮ್ಮ ಧ್ವನಿ ಪ್ರಯೋಗಾಲಯಕ್ಕೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಅಷ್ಟೆ. ಅಂದು ಬೆಳಿಗ್ಗೆ ನೀನು ತರಗತಿಯಲ್ಲಿ ಮಕ್ಕಳು ಮೊದಲ ಮಾತು ಕಲಿಯುವ ಬಗೆಯನ್ನು ಪಾಠ ಮಾಡಿ ತೋರಿಸಿದೆಯಲ್ಲ, ವಿದ್ಯಾರ್ಥಿಗಳು ಊಟಕ್ಕೂ ಏಳದೆ ಪ್ರಶ್ನೆ ಕೇಳುತ್ತಿದ್ದರು. ನಿನ್ನನ್ನು ಎರಡು ಗಂಟೆಯ ರೈಲಿಗೆ ಹತ್ತಿಸಿ ಬಂದವನೇ ಉತ್ತರಪತ್ರಿಕೆಯ ಕಟ್ಟು ಹಿಡಿದು ಆ ಹಲಗೆಗೆ ಬೆನ್ನು ಕೊಟ್ಟು ಕೂತೆ. ಕದ್ದು ಕೇಳಲಿಕ್ಕಲ್ಲ, ಆಣೆಗೂ ಅಲ್ಲ. ಸರಿ, ಕದ್ದು ಕೇಳಲಿಕ್ಕೇ.

ಆ ಹಲಗೆಯಲ್ಲಿ ಒಂದು ಪದವೂ ಬಿಡಿಸಿ ಕೇಳಿಸುವುದಿಲ್ಲ. ದನಿಯ ಏರಿಳಿತ ಮಾತ್ರ ದಾಟಿ ಬರುತ್ತದೆ. ಬೇರೆ ಯಾರೇ ಆಗಿದ್ದರೂ ಎದ್ದು ಹೋಗುತ್ತಿದ್ದರು. ನಾನೋ, ಇಪ್ಪತ್ತೆರಡು ವರ್ಷ ಮಾತಿನ ಏರಿಳಿತವನ್ನೇ ಅರೆದು ಕುಡಿದವನು, ನಿನ್ನಿಂದಲೇ ರಾಗಪ್ಪನೆಂದು ಬಿರುದು ಪಡೆದವನು. ಪದ ಯಾಕೆ ಬೇಕು ನನಗೆ? ಯಾರದೋ ಉತ್ತರಪತ್ರಿಕೆಯ ಹಿಂಬದಿಯಲ್ಲೇ ದನಿಯ ಏರಿಳಿತಕ್ಕೆ ತಕ್ಕಂತೆ ಗೆರೆ ಎಳೆಯತೊಡಗಿದೆ. ನಮ್ಮ ಮುಖ್ಯಸ್ಥೆಯ ದನಿ ಬೇಡಿಕೊಳ್ಳುವ ಹಾಗೆ ಮೆಲ್ಲಗೆ ಇಳಿಯಿತು. ಹೊರಗಿನಿಂದ ಬಂದ ತಜ್ಞರ ದನಿ ಥಟ್ಟನೆ ಏರಿತು. ಇವರು ಮತ್ತೆ ಇಳಿದರು, ಅವರು ಮತ್ತೆ ಏರಿದರು. ಅರ್ಧ ಗಂಟೆ ಇದೇ ಆಗಿ, ಕೊನೆಗೆ ಮುಖ್ಯಸ್ಥೆಯದು ಒಂದು ದೀರ್ಘ ನಿಟ್ಟುಸಿರು, ಕುರ್ಚಿ ಸರಿದ ಸದ್ದು. ಗೆರೆ ನೋಡಿದೆ. ಸಂಶಯವೇ ಇರಲಿಲ್ಲ. ನಮ್ಮವರು ನಿನ್ನ ಪರ ವಾದಿಸಿ ವಾದಿಸಿ ಸೋತಿದ್ದರು, ಗೆರೆಯ ಕೆಳಗೆ ಹಾಗೆಂದೇ ಬರೆದೆ.

ಅಲ್ಲೇ ಕೂತು ರಾಜೀನಾಮೆ ಬರೆದುಬಿಟ್ಟೆ. ಐದು ಸಾಲು. ನಿನಗೆ ಇಲ್ಲಿ ಜಾಗ ಇಲ್ಲವೆಂದರೆ ನಾನೇ ಅಲ್ಲಿಗೆ ಬರುತ್ತೇನೆ, ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಿನ್ನ ವಿದ್ಯಾರ್ಥಿಗಳ ಪ್ರಬಂಧ ತಿದ್ದಿಕೊಂಡು ನಿಮ್ಮಮ್ಮನ ಜೊತೆ ತರಕಾರಿ ಹೆಚ್ಚುತ್ತೇನೆ ಎಂದು ನಿರ್ಧರಿಸಿದ್ದೆ. ಸಂಜೆ ಮುಖ್ಯಸ್ಥೆಯ ಮೇಜಿನ ಮೇಲೆ ಇಟ್ಟೆ. ಕನ್ನಡಕ ಏರಿಸಿ ಓದಿದರು.

"ಏನ್ರೀ ಇದು? ಕಾರಣ ಸಂಸಾರ ಅಂತ ಬರ್ದಿದ್ದೀರಿ. ಇಷ್ಟೇನಾ?"

"ಇಷ್ಟೇ ಮೇಡಂ."

"ಹನ್ನೊಂದು ವರ್ಷ ಆದ್ಮೇಲೆ ನೆನಪಾಯ್ತಾ ಸಂಸಾರ?"

ಅವರು ಹೆಚ್ಚು ಹೇಳುವಂತಿರಲಿಲ್ಲ, ಮೇಲಿನವರ ಸಹಿ ಬೀಳುವವರೆಗೆ ಆಯ್ಕೆಯ ವಿಷಯ ಬಾಯಿ ಬಿಡಬಾರದಂತೆ. ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ಜಡಿದು, "ಹೋಗಿ, ಮೊದ್ಲು ಉತ್ತರಪತ್ರಿಕೆ ತಿದ್ದಿ ಮುಗ್ಸಿ" ಎಂದರು. ಮನೆಗೆ ಬಂದೆ. ಫೋನ್ ಬಡಿದುಕೊಂಡಿತು, ಎತ್ತಲಿಲ್ಲ. ನನ್ನ ಒಂದು "ಹಲೋ" ಕೇಳಿದರೆ ಸಾಕು, ನೀನು ಎಲ್ಲ ಪತ್ತೆ ಹಚ್ಚಿಬಿಡುತ್ತೀಯ. ಮರುದಿನವೂ ಅಷ್ಟೇ.

ಮೂರನೆಯ ದಿನ, ಶನಿವಾರ, ಮೇಲಿನವರ ಸಹಿ ಬಿದ್ದ ಮೇಲೆ ವಿಭಾಗದಿಂದ ಬುಲಾವ್ ಬಂತು. ಹೋದರೆ ಮುಖ್ಯಸ್ಥೆ ಮಾತಾಡಲಾರದಷ್ಟು ನಗುತ್ತಿದ್ದಾರೆ. ನಮ್ಮ ಅಟೆಂಡರ್ ಹಿಂದಿನ ದಿನ ಪ್ರಯೋಗಾಲಯ ಗುಡಿಸುವಾಗ ಆ ಗೆರೆಯ ಕಾಗದ ಸಿಕ್ಕಿ, ತೆಗೆದುಕೊಂಡು ಹೋಗಿ ಅವರಿಗೆ ಕೊಟ್ಟಿದ್ದನಂತೆ. ನಿನ್ನ ಹೆಸರು ನಾಲ್ಕೇ ನಿಮಿಷದಲ್ಲಿ, ಒಬ್ಬರೂ ಎದುರು ಹೇಳದೆ ತೀರ್ಮಾನವಾಗಿತ್ತು. ಉಳಿದ ಅರ್ಧ ಗಂಟೆಯ ರಂಪ? ನಮ್ಮ ಕಚೇರಿಯವರು ತಜ್ಞರ ವಾಪಸ್ ಟಿಕೆಟನ್ನು ಒಂದು ದಿನ ತಡವಾಗಿ ಮಾಡಿಸಿಟ್ಟಿದ್ದರು. ಅವರಿಗೆ ಮೈಯೆಲ್ಲ ಉರಿದುಹೋಗಿತ್ತು, ಇವರು ಸಮಾಧಾನ ಮಾಡುತ್ತಿದ್ದರು. ನನ್ನ ಇಪ್ಪತ್ತೆರಡು ವರ್ಷದ ಪಾಂಡಿತ್ಯ ರೈಲು ಟಿಕೆಟಿನ ಜಗಳದಲ್ಲಿ ಮಣ್ಣುಪಾಲಾಯಿತು.

"ಇದನ್ನ ನಾನು ಮೇಲಕ್ಕೆ ಕಳ್ಸಿದ್ರೆ ಏನಾಗ್ತಿತ್ತು ಗೊತ್ತೇನ್ರೀ?" ಎಂದರು ಕಣ್ಣೊರೆಸಿಕೊಳ್ಳುತ್ತ. "ನಿಮ್ಮವರು ಇಲ್ಲಿಗೆ ಬರೋರು, ನೀವು ಅಲ್ಲಿಗೆ ಹೋಗೋರು. ಎದುರುಬದುರು ರೈಲಲ್ಲಿ ಕೈ ಬೀಸ್ಕೊಂಡು!" ನನ್ನ ಮುಂದೆಯೇ ರಾಜೀನಾಮೆಯನ್ನು ನಾಲ್ಕು ಚೂರು ಮಾಡಿದರು. ಗೆರೆಯ ಕಾಗದ ಮಾತ್ರ ವಾಪಸ್ ಕೊಡಲಿಲ್ಲ, ಮೊದಲ ವರ್ಷದವರಿಗೆ ತೋರಿಸುತ್ತಾರಂತೆ.

ಆಮೇಲಿನ ದಿನಗಳು ಮನೆ ಸರಿಮಾಡುವುದರಲ್ಲೇ ಕಳೆದವು. ನಿನ್ನ ಪುಸ್ತಕಕ್ಕೆಂದು ಕಿಟಕಿ ಪಕ್ಕದ ಗೋಡೆ ಪೂರ್ತಿ ಬಿಟ್ಟಿದ್ದೇನೆ. ಬಡಗಿ ಬಂದು ಅಳತೆ ತೆಗೆದುಕೊಂಡು ಹೋದ. ಒಂದೇ ಇದ್ದ ಓದುವ ಮೇಜಿಗೆ ಜೊತೆ ಬಂದಿದೆ, ದೀಪ ಹತ್ತಿರವಿರುವುದು ನಿನಗೆ. ಮನೆಯೊಡತಿಗೆ ವಿಷಯ ತಿಳಿಸಿದೆ. "ಅಯ್ಯೋ ಸಾರ್, ನಿಮಗೆ ನಿಜವಾಗ್ಲೂ ಹೆಂಡ್ತಿ ಇದ್ದಾರಾ? ಮನೆ ಸಿಗ್ಲಿ ಅಂತ ಹೇಳಿದ್ರೇನೋ ಅಂದ್ಕೊಂಡಿದ್ದೆ!" ಎಂದರು. ಬೇಗ ಬಂದು ನನ್ನ ಮಾನ ಉಳಿಸು. ಅಲ್ಲಿನ ಕೆಲಸದಿಂದ ಬಿಡುಗಡೆ ಪತ್ರ ಕೈಗೆ ಬಂದ ದಿನವೇ ತಿಳಿಸು. ನಿಮ್ಮಮ್ಮನಿಗೆ ನನ್ನ ನಮಸ್ಕಾರ, ಬಿಸಿಲು ಬೀಳುವ ಕೋಣೆ ಅವರದು ಎಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಟ್ಟುವ ಒಂದೊಂದು ಪೆಟ್ಟಿಗೆಯೂ ಸುಖವಾಗಿ ನಮ್ಮ ಮನೆ ಸೇರಲಿ.

ಎಂದೆಂದೂ ನಿನ್ನವನೇ ಆದ,
ರಾಗಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಫೋನ್ ಎತ್ತದಿದ್ದುದಕ್ಕೆ ಹೇಳಿದ ಕಾರಣ ಅರ್ಧ ನಿಜ. ರಾಜೀನಾಮೆ ಬರೆದು ಮುಗಿಸಿ ಗಡಿಯಾರ ನೋಡಿದೆ, ಹತ್ತು ನಿಮಿಷವೂ ಆಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ನಿನಗೆ ಐದು ತಿಂಗಳಾಗಿದ್ದಾಗ, ನೀನು ಫೋನಿನಲ್ಲಿ, "ಭಯ ಆಗ್ತಿದೆ, ಬಂದ್ಬಿಡಿ, ಕೆಲಸ ಆಮೇಲೆ ನೋಡ್ಕೊಳ್ಳೋಣ" ಎಂದಿದ್ದೆ. ಕೆಲಸ ಕಾಯಂ ಆಗಲು ಇನ್ನು ಮೂರೇ ತಿಂಗಳು, ತಡೆದುಕೋ ಎಂದೆ ನಾನು. ನೀನು ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದು ಎರಡು ದಿನವಾಗಿತ್ತು. ಹೆಣ್ಣುಮಗು ಎಂದು ನಿಮ್ಮಮ್ಮ ಹೇಳಿದರು, ನೀನು ಹೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಅಂದು ನಾನು ಬಂದಿದ್ದರೂ ಮಗು ಉಳಿಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ನೀನು ಒಬ್ಬಳೇ ಇರುತ್ತಿರಲಿಲ್ಲ. ಈಗ ಹತ್ತು ನಿಮಿಷದಲ್ಲಿ ಬಿಟ್ಟ ಕೆಲಸವನ್ನು ಅಂದು ಬಿಡಲಿಲ್ಲವೆಂಬ ನಾಚಿಕೆಗೇ ಫೋನ್ ಎತ್ತಲಾಗಲಿಲ್ಲ. ಇಷ್ಟು ವರ್ಷ ನಾನು ಕ್ಷಮೆ ಕೇಳಿಲ್ಲ, ಈಗ ಕೇಳುತ್ತಿದ್ದೇನೆ. ಇದಕ್ಕೆ ಕಾಗದದಲ್ಲಿ ಉತ್ತರ ಬೇಡ. ಬಂದು, ಎದುರಿಗೆ ಕೂತು, ಬಾಯಿ ತುಂಬ ಬೈದುಬಿಡು.